ಕ್ಯಾಲಿಫೋರ್ನಿಯಾದಲ್ಲಿ ಲಾನ್ ಕೀಳುವ ಮುಂಚೆ ಅರ್ಜಿ ಹಾಕಿ

ಕ್ಯಾಲಿಫೋರ್ನಿಯಾದಲ್ಲಿ ಮನೆ ತೆಗೆದುಕೊಂಡವರಿಗೆ ಮುಂದಿನ ಅಂಗಳದ ಹುಲ್ಲು ಬೇಗನೆ ಹೊರೆಯಾಗುತ್ತದೆ. ಬೇಸಿಗೆಯಿಡೀ ಮಳೆಯಿಲ್ಲ, ನೀರು ಬಿಡದಿದ್ದರೆ ಹುಲ್ಲು ಒಣಗುತ್ತದೆ, ಬಿಟ್ಟರೆ ಬಿಲ್ಲು ಏರುತ್ತದೆ. ಆ ಹುಲ್ಲು ತೆಗೆದು ಕಡಿಮೆ ನೀರಿನ ಗಿಡ ಹಾಕುವವರಿಗೆ ಇಲ್ಲಿನ ಹಲವು ನೀರಿನ ಸಂಸ್ಥೆಗಳು ದುಡ್ಡು ಕೊಡುತ್ತವೆ. ಆದರೆ ಅರ್ಜಿ ಮಂಜೂರಾಗುವ ತನಕ ಒಂದು ಹಿಡಿ ಹುಲ್ಲನ್ನೂ ಕೀಳಬೇಡಿ. ಮೊದಲೇ ಅಗೆದುಬಿಟ್ಟರೆ ರಿಬೇಟ್ ಕೈತಪ್ಪುತ್ತದೆ.

ನಿಮಗೆ ನೀರು ಕೊಡುವವರು ಯಾರು ಅಂತ ಬಿಲ್ಲಿನಲ್ಲೇ ಇರುತ್ತದೆ. ದಕ್ಷಿಣ ಭಾಗದಲ್ಲಿ ಮೆಟ್ರೊಪಾಲಿಟನ್ ವಾಟರ್ ಡಿಸ್ಟ್ರಿಕ್ಟ್ ಮನೆಗಳಿಗೆ ಚದರಡಿಗೆ 2 ಡಾಲರ್ ಕೊಡುತ್ತಾ ಬಂದಿದೆ. ಲಾಸ್ ಏಂಜಲೀಸ್ ನಗರದಲ್ಲಿ ಅದು 5 ಡಾಲರ್‌ವರೆಗೆ ಹೋಗಿದೆ. ಸಾಂತಾ ಕ್ಲಾರಾ ಕೌಂಟಿಯವರು ವ್ಯಾಲಿ ವಾಟರ್‌ನಲ್ಲಿ ವಿಚಾರಿಸಿ. ದರ ಬದಲಾಗುತ್ತಿರುತ್ತದೆ, ಆದ್ದರಿಂದ ಈಗಿನ ಮೊತ್ತವನ್ನು ಅವರ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ. ದಕ್ಷಿಣದ ಷರತ್ತುಗಳಲ್ಲಿ ಮುಖ್ಯವಾದವು ಇವು: ಪ್ರತಿ 100 ಚದರಡಿಗೆ ಕನಿಷ್ಠ 3 ಗಿಡ ಇರಬೇಕು, ಸ್ಪ್ರಿಂಕ್ಲರ್ ಹೋಗಬೇಕು, ಮಳೆನೀರು ಇಂಗಲು ಒಂದು ಏರ್ಪಾಡು ಇರಬೇಕು. ಪ್ಲಾಸ್ಟಿಕ್ ಹುಲ್ಲಿಗೆ ದುಡ್ಡಿಲ್ಲ. ಬಿಸಿಲಿಗೆ ಅದು ಮಕ್ಕಳು ಬರಿಗಾಲಲ್ಲಿ ನಿಲ್ಲಲಾಗದಷ್ಟು ಕಾಯುತ್ತದೆ, ಹಾಗಾಗಿ ಸ್ವಂತ ದುಡ್ಡಲ್ಲೂ ಹಾಕಿಸಬೇಡಿ ಅಂತಲೇ ನನ್ನ ಸಲಹೆ.

ಬಡಾವಣೆಯ ಮನೆಮಾಲೀಕರ ಸಂಘ (ಎಚ್‌ಒಎ) ಒಪ್ಪುವುದಿಲ್ಲ ಅಂತ ತುಂಬಾ ಜನ ಹಿಂದೆ ಸರಿಯುತ್ತಾರೆ. ಹೆದರಬೇಡಿ. ಲಾನ್ ಬದಲು ಕಡಿಮೆ ನೀರಿನ ಗಿಡ ಹಾಕುವುದನ್ನು ಎಚ್‌ಒಎ ನಿಷೇಧಿಸುವಂತಿಲ್ಲ ಎಂದು ರಾಜ್ಯದ ಸಿವಿಲ್ ಕೋಡ್ 4735ನೇ ಸೆಕ್ಷನ್ ಹೇಳುತ್ತದೆ. ವಿನ್ಯಾಸದ ನಿಯಮಗಳನ್ನು ಅವರು ಇಡಬಹುದು, ಅದಕ್ಕೆ ನಕ್ಷೆಯನ್ನು ಮೊದಲೇ ತೋರಿಸಿ ಒಪ್ಪಿಗೆ ತೆಗೆದುಕೊಳ್ಳಿ.

ಇನ್ನು ಹುಲ್ಲು ತೆಗೆಯುವುದು. ನಿಮ್ಮಲ್ಲಿರುವುದು ಫೆಸ್ಕ್ಯೂ ಜಾತಿಯ ಹುಲ್ಲಾದರೆ ಸುಲಭ. ಮೇಲೆ ರಟ್ಟು ಹಾಸಿ, ನೆನೆಸಿ, ಕಾಂಪೋಸ್ಟ್ ಮತ್ತು ಮರದ ಚಕ್ಕೆ ದಪ್ಪಗೆ ಹರಡಿದರೆ ಕೆಳಗೇ ಕೊಳೆಯುತ್ತದೆ. ಬರ್ಮುಡಾ ಆದರೆ ಕಷ್ಟ. ಅದು ನಾವು ಗಣಪತಿಗೆ ಏರಿಸುವ ಗರಿಕೆಯೇ! ರಟ್ಟಿನ ಸಂದಿಯಲ್ಲಿ ತೂರಿಕೊಂಡು ಮತ್ತೆ ಚಿಗುರುತ್ತದೆ. ಬಿಸಿಲು ಜಾಸ್ತಿ ಇರುವ ಕಡೆ ನೆಲವನ್ನು ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂತು ನಡುಬೇಸಿಗೆಯ 4ರಿಂದ 6 ವಾರ ಬೇಯಲು ಬಿಡಿ. ಮಂಜು ಕವಿಯುವ ಕರಾವಳಿ ಊರುಗಳಲ್ಲಿ ಇದು ನಡೆಯುವುದಿಲ್ಲ, ಅಲ್ಲಿ ಬೇರುಸಮೇತ ಅಗೆದೇ ತೆಗೆಯಬೇಕು. ಪೂಜೆಗೆ ಗರಿಕೆ ಬೇಕಾದರೆ ಕುಂಡದಲ್ಲಿ ಬೆಳೆಸಿ, ನೆಲಕ್ಕೆ ಬಿಡಬೇಡಿ. ಅಗೆಯುವುದಕ್ಕೆ ಕನಿಷ್ಠ ಎರಡು ಕೆಲಸದ ದಿನ ಮುಂಚೆ 811 ಫೋನ್ ನಂಬರಿಗೆ ತಿಳಿಸಿದರೆ ಗ್ಯಾಸ್, ಕರೆಂಟ್ ಲೈನುಗಳನ್ನು ಉಚಿತವಾಗಿ ಗುರುತು ಮಾಡಿ ಹೋಗುತ್ತಾರೆ.

ನೆಡುವುದು ಅಕ್ಟೋಬರ್, ನವೆಂಬರ್‌ನಲ್ಲಿ. ನಮ್ಮ ಊರಲ್ಲಿ ಮುಂಗಾರಿಗೆ ನೆಡುವಂತೆ ಇಲ್ಲಿ ಚಳಿಗಾಲದ ಮಳೆಗೆ ಮುಂಚೆ ನೆಡಬೇಕು. ಮಕ್ಕಳು ಓಡಾಡಲು ಹಸಿರು ಬೇಕಾದರೆ ಯುಸಿ ವರ್ಡೆ ಬಫಲೋ ಹುಲ್ಲು ಚೆನ್ನಾಗಿರುತ್ತದೆ, ಚಳಿಗಾಲದಲ್ಲಿ ಕಂದಾಗುತ್ತದೆ ಅಷ್ಟೆ. ಕುರಾಪಿಯಾ ಎಂಬ ಗಿಡ ನೆಲಕ್ಕೆ ಅಂಟಿ ಹಬ್ಬುತ್ತದೆ, ಆದರೆ ಹೂವಿಗೆ ಜೇನುನೊಣ ಬರುತ್ತವೆ, ಪುಟ್ಟ ಮಕ್ಕಳಿದ್ದರೆ ಯೋಚಿಸಿ. ಓಡಾಟ ಇಲ್ಲದ ಕಡೆ ಸೇಜ್, ಮಂಜಾನಿಟ, ನೀಲಿ ಹೂವಿನ ಸಿಯಾನೋಥಸ್ ಹಾಕಿ. ಮೊದಲ ಒಂದೆರಡು ಬೇಸಿಗೆ ಇವಕ್ಕೂ ನೀರು ಬೇಕು. ಸಂಜೆಯಾದರೆ ಪೈಪ್ ಹಿಡಿಯುವ ಅಭ್ಯಾಸ ನಮಗೆಲ್ಲ ಇದೆ, ಅಲ್ವಾ? ಬೇರೂರಿದ ಸಿಯಾನೋಥಸ್‌ಗೆ ಬೇಸಿಗೆಯಲ್ಲಿ ಹಾಗೆ ದಿನಾ ನೀರು ಹಾಕಿದರೆ ಬೇರು ಕೊಳೆತು ಸಾಯುತ್ತದೆ.