ಹಡಗಿನ ಗಾಲಾ ಸಂಜೆಗೆ ಗಂಡಸರ ಉಡುಪು: ನನ್ನ ಅನುಭವ

ಕ್ವೀನ್ ಮೇರಿ 2 ಹಡಗಿಗೆ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್ ತಲುಪಲು ಸಾಮಾನ್ಯವಾಗಿ 7 ರಾತ್ರಿ ಬೇಕು. ಅದರಲ್ಲಿ ಹೆಚ್ಚಾಗಿ 2 ರಾತ್ರಿ ಗಾಲಾ ಸಂಜೆ, ಅಂದರೆ ಔಪಚಾರಿಕ ಉಡುಪಿನಲ್ಲಿ ಊಟಕ್ಕೆ ಬರುವ ರಾತ್ರಿ. ಮಿಕ್ಕ ದಿನಗಳಲ್ಲಿ ಸಂಜೆ 6ರ ನಂತರ ಕಾಲರ್ ಶರ್ಟು, ಒಳ್ಳೆಯ ಪ್ಯಾಂಟು, ಮೇಲೊಂದು ಬ್ಲೇಜರ್ ಇದ್ದರೆ ಯಾರ ಮುಂದೆಯೂ ಕಡಿಮೆಯೆನಿಸುವುದಿಲ್ಲ. ಟೈ ಕಟ್ಟಲೇಬೇಕೆಂದೂ ಇಲ್ಲ. ತಯಾರಿ ಬೇಕಾಗುವುದು ಆ ಗಾಲಾ ಸಂಜೆಗಳಿಗೆ.

ಈ ಹಡಗನ್ನು ನಡೆಸುವ ಕುನಾರ್ಡ್ ಕಂಪನಿ ಗಂಡಸರಿಗೆ ಮೂರು ದಾರಿ ಬಿಟ್ಟಿದೆ: ಬೋ ಟೈ ಜೊತೆ ಡಿನ್ನರ್ ಜಾಕೆಟ್ (ಟಕ್ಸೀಡೊ), ಟೈ ಕಟ್ಟಿದ ಕಡು ಬಣ್ಣದ ಸೂಟು, ಇಲ್ಲವೇ ಅವರವರ ನಾಡಿನ ವಿಶೇಷ ಸಂದರ್ಭದ ಉಡುಪು. ಮೂರಕ್ಕೂ ಊಟದ ಹಾಲ್‌ನಲ್ಲಿ ಸಮಾನ ಮರ್ಯಾದೆ. ಯಾವುದೂ ಬೇಡವೆನ್ನುವವರಿಗೆ ಆ ಸಂಜೆ ಬಫೆ ಮತ್ತು ಪಬ್‌ನಂಥ ಕೆಲವು ಕಡೆ ಜಾಗ ಇದ್ದೇ ಇರುತ್ತದೆ. ಎಲ್ಲ ಕಂಪನಿಗಳ ರೀತಿ ಒಂದೇ ಅಲ್ಲ. ವೈಕಿಂಗ್, ಓಷಿಯಾನಿಯಾ ಹಡಗುಗಳಲ್ಲಿ ಬ್ಲ್ಯಾಕ್ ಟೈ ಸಂಜೆಯೇ, ಅಂದರೆ ಡಿನ್ನರ್ ಜಾಕೆಟ್ ತೊಡುವ ಸಂಜೆಯೇ ಇಲ್ಲ; ಅಲ್ಲಿಗೆ ಡಿನ್ನರ್ ಜಾಕೆಟ್ ಹೊತ್ತುಕೊಂಡು ಹೋಗುವುದು ದಂಡ. ಸೀಬೋರ್ನ್ ಹಡಗುಗಳಲ್ಲಿ ಅದು ಐಚ್ಛಿಕ. ಹಾಗಾಗಿ ಬಟ್ಟೆಯ ಅಂಗಡಿಗೆ ಹೋಗುವ ಮೊದಲು ಬುಕಿಂಗ್ ಕಾಗದ ತೆಗೆದು, ನಿಮ್ಮ ಯಾನದಲ್ಲಿ ಗಾಲಾ ಸಂಜೆಗಳು ಎಷ್ಟು, ಯಾವ ತಾರೀಖಿಗೆ ಎಂದು ನೋಡಿಕೊಳ್ಳಿ. ಕೆಲವು ಸಂಜೆಗಳಿಗೆ ಕಪ್ಪು ಬಿಳುಪು, ಮುಖವಾಡ ಎಂಬಂಥ ವಿಷಯವೂ ಇರುತ್ತದೆ. ಕಪ್ಪು ಡಿನ್ನರ್ ಜಾಕೆಟ್ ಇದ್ದವರು ಅದಕ್ಕಾಗಿ ಬೇರೆ ಬಟ್ಟೆ ಒಯ್ಯಬೇಕಾಗಿಲ್ಲ.

ಡಿನ್ನರ್ ಜಾಕೆಟ್ ಉಡುಪಿನ ಹಿಂದೆ ಒಂದೇ ಒಂದು ತರ್ಕವಿದೆ: ಕೆಲಸ ಮಾಡುವ ಭಾಗ ಯಾವುದೂ ಬರಿಗಣ್ಣಿಗೆ ಬೀಳಬಾರದು. ಪ್ಯಾಂಟಿನ ಹೊರ ಹೊಲಿಗೆಯ ಮೇಲೆ ರೇಷ್ಮೆ ಪಟ್ಟಿ ಬರುತ್ತದೆ. ಜಾಕೆಟ್ಟಿನ ಗುಂಡಿಗೆ ರೇಷ್ಮೆಯ ಹೊದಿಕೆ. ಶರ್ಟಿನ ಗುಂಡಿಗಳ ಜಾಗದಲ್ಲಿ ಸ್ಟಡ್ ಎಂಬ ಬಿಡಿ ಅಲಂಕಾರದ ಗುಂಡಿ. ಪ್ಯಾಂಟಿನ ಸೊಂಟಪಟ್ಟಿಯನ್ನು ಕಮರ್‌ಬಂಡ್ (ಸೊಂಟಕ್ಕೆ ಸುತ್ತುವ ನೆರಿಗೆಯ ಅಗಲ ಪಟ್ಟಿ) ಇಲ್ಲವೇ ತಗ್ಗು ಕತ್ತಿನ ವೇಸ್ಟ್‌ಕೋಟ್ ಮುಚ್ಚುತ್ತದೆ. ಬೆಲ್ಟ್ ಎನ್ನುವುದೇ ಇಲ್ಲ. ಈ ತರ್ಕ ಮನಸ್ಸಿನಲ್ಲಿದ್ದರೆ ನಿಯಮಗಳ ಪಟ್ಟಿಯನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಕನ್ನಡಿಯ ಮುಂದೆ ನಿಂತಾಗ ಏನು ತಪ್ಪಿದೆಯೆಂದು ತಾನಾಗಿಯೇ ಗೊತ್ತಾಗುತ್ತದೆ. ಅತಿ ಹೆಚ್ಚು ಕಾಣುವ ತಪ್ಪು ಎಂದರೆ ಜಾಕೆಟ್ಟಿನ ಗುಂಡಿಯ ಕೆಳಗೆ ಇಣುಕುವ ಬಿಳಿ ಶರ್ಟಿನ ತ್ರಿಕೋನ. ಸೊಂಟ ಮುಚ್ಚದ ಡಿನ್ನರ್ ಸೂಟು ಎಷ್ಟೇ ದುಬಾರಿಯಾದರೂ ಅರ್ಧಕ್ಕೆ ನಿಂತ ಉಡುಪು.

ನಾನು ಇದನ್ನು ಬೆಂಗಳೂರಿನಲ್ಲಿ ಹೊಲಿಸುವ ಪಕ್ಷದವನು. ವಿದೇಶದಲ್ಲಿ ಬಾಡಿಗೆಗೆ ಸಿಗುವ ಸೂಟು ನಮ್ಮವರ ಮೈಕಟ್ಟಿಗೆ ಭುಜದಲ್ಲಿ ಸಡಿಲ, ತೋಳಿನಲ್ಲಿ ಉದ್ದ ಬರುವುದೇ ಹೆಚ್ಚು. ಆದರೆ ನಮ್ಮ ಟೈಲರುಗಳ ಕೈ ಆಫೀಸಿನ ಮತ್ತು ಮದುವೆಯ ಸೂಟಿಗೆ ಪಳಗಿದ್ದು. ಹೇಳದೇ ಬಿಟ್ಟರೆ ಅದೇ ಪ್ಯಾಟರ್ನಿಗೆ ಸ್ಯಾಟಿನ್ ಅಂಟಿಸಿ ಕೊಡುತ್ತಾರೆ. ಆದ್ದರಿಂದ ಅಳತೆ ಕೊಡುವ ದಿನವೇ ಒಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ: ಮುಂದೆ ಒಂದೇ ಗುಂಡಿ. ಲೇಪಲ್ (ಎದೆಯ ಮೇಲೆ ಹೊರಕ್ಕೆ ಮಡಚಿದ ಕೋಟಿನ ಅಂಚು) ತುದಿ ಮೇಲಕ್ಕೆ ಚೂಪಾಗಿರುವ ಪೀಕ್, ಇಲ್ಲವೇ ದುಂಡಗೆ ಇಳಿಯುವ ಶಾಲ್. ಆಫೀಸ್ ಕೋಟಿನ ನಾಚ್, ಅಂದರೆ ಕಚ್ಚು ಕತ್ತರಿಸಿದ ಲೇಪಲ್, ಬೇಡ. ಜೇಬಿಗೆ ಫ್ಲ್ಯಾಪ್ ಬೇಡ. ಪ್ಯಾಂಟಿಗೆ ಬೆಲ್ಟ್ ಲೂಪ್ ಬೇಡ, ಕೆಳಗೆ ಮಡಿಕೆ ಬೇಡ. ಹೊರ ಹೊಲಿಗೆಯ ಮೇಲೆ 1.5ರಿಂದ 2 ಸೆಂ.ಮೀ. ಅಗಲದ ಒಂದೇ ಪಟ್ಟಿ, ಅದೂ ಲೇಪಲ್‌ಗೆ ಬಳಸಿದ ಬಟ್ಟೆಯದ್ದೇ. ಬೋ ಟೈ ಮತ್ತು ಕಮರ್‌ಬಂಡ್ ಕೂಡ ಅದೇ ಬಟ್ಟೆಯಲ್ಲಿ ಆದರೆ ಉತ್ತಮ. ಲೇಪಲ್ ಹೊಳೆಯುವ ಸ್ಯಾಟಿನ್, ಟೈ ಗೆರೆ ನೇಯ್ಗೆಯ ಮಂಕು ಗ್ರೋಗ್ರೇನ್ ಆದರೆ ದೀಪದ ಕೆಳಗೆ ಎರಡೂ ಜಗಳವಾಡುತ್ತವೆ.

ಚೀಟಿಯಲ್ಲಿ ಇನ್ನೊಂದು ಸಾಲನ್ನು ಮರೆಯಬೇಡಿ: ಪ್ಯಾಂಟಿನ ಸೊಂಟಪಟ್ಟಿಯ ಒಳಗಡೆ, ಮುಂಭಾಗದ ಮಧ್ಯದಲ್ಲಿ ಒಂದು ಚಪ್ಪಟೆ ಗುಂಡಿ. ಒಳ್ಳೆಯ ಕಮರ್‌ಬಂಡ್ ಒಳಮೈಯಲ್ಲಿ ಒಂದು ಎಲಾಸ್ಟಿಕ್ ಕುಣಿಕೆ ಇರುತ್ತದೆ, ಅದು ಈ ಗುಂಡಿಗೆ ಸಿಕ್ಕಿಕೊಳ್ಳುತ್ತದೆ. ಗುಂಡಿ ಇಲ್ಲದಿದ್ದರೆ ಕುರ್ಚಿಯಲ್ಲಿ ಕೂತು ಏಳುವಷ್ಟರಲ್ಲಿ ಕಮರ್‌ಬಂಡ್ ಹೊಟ್ಟೆಯ ಮೇಲಕ್ಕೆ ಜಾರಿ, ಮುಚ್ಚಬೇಕಾದ ಸೊಂಟಪಟ್ಟಿಯೇ ಹೊರಗೆ ಬೀಳುತ್ತದೆ. ಕಮರ್‌ಬಂಡಿನ ನೆರಿಗೆಗಳ ಬಾಯಿ ಮೇಲ್ಮುಖವಾಗಿರಬೇಕು. ಬ್ರಿಟಿಷ್ ಅಧಿಕಾರಿಗಳು ಭಾರತದ ಸೆಕೆಯಲ್ಲಿ ವೇಸ್ಟ್‌ಕೋಟಿನ ಬದಲು ಸೊಂಟಕ್ಕೆ ಸುತ್ತಿಕೊಳ್ಳತೊಡಗಿದ ಬಟ್ಟೆ ಇದು. ಬೆಚ್ಚಗಿನ ಸಮುದ್ರಗಳ ಯಾನಕ್ಕೆ ಇಂದಿಗೂ ಇದೇ ಹಿತ.

ಬಟ್ಟೆಯ ಆಯ್ಕೆಯಲ್ಲಿ ಟೆರಿಕಾಟ್ ಬೆರಕೆ ಬೇಡ. ಬಾಲ್‌ರೂಮಿನ ದೀಪಗಳ ಕೆಳಗೆ ಪಾಲಿಯೆಸ್ಟರ್ ಮೊಣಕೈ ಮತ್ತು ಮೊಣಕಾಲಿನಲ್ಲಿ ಮಿಂಚುತ್ತದೆ, ಆಗ ಸ್ಯಾಟಿನ್ ಲೇಪಲ್‌ಗೂ ಉಳಿದ ಬಟ್ಟೆಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಮಂಕು ಮೈಯ ಶುದ್ಧ ಉಣ್ಣೆ, ಚದರ ಮೀಟರಿಗೆ 250ರಿಂದ 280 ಗ್ರಾಂ ತೂಕದ್ದು, ಸುಕ್ಕನ್ನು ತಾನೇ ಬಿಡಿಸಿಕೊಳ್ಳುತ್ತದೆ. ಬಣ್ಣದಲ್ಲಿ ನನ್ನ ಮತ ಕಪ್ಪಿಗಿಂತ ಮಧ್ಯರಾತ್ರಿಯ ನೀಲಿಗೆ. ಹಳದಿ ಬೆಳಕಿನಲ್ಲಿ ಕಪ್ಪು ಉಣ್ಣೆ ಸ್ವಲ್ಪ ಹಸಿರಿಗೆ ತಿರುಗಿದಂತೆ ಕಾಣುತ್ತದೆ, ಈ ಕಡು ನೀಲಿ ಮಾತ್ರ ಕಪ್ಪಿಗಿಂತ ಗಾಢವಾಗಿ ನಿಲ್ಲುತ್ತದೆ. 1920ರ ದಶಕದಲ್ಲಿ ಇದನ್ನು ಬಳಕೆಗೆ ತಂದವರಲ್ಲಿ ಮುಂದೆ ವಿಂಡ್ಸರ್ ಡ್ಯೂಕ್ ಆದ ಬ್ರಿಟಿಷ್ ರಾಜಕುಮಾರ ಪ್ರಮುಖ. ಟ್ರಯಲ್‌ಗೆ ಹೋದಾಗ ಎರಡು ಜಾಗ ನೋಡುತ್ತೇನೆ. ಕತ್ತಿನ ಹಿಂದೆ ಜಾಕೆಟ್ಟಿನ ಕಾಲರ್ ಶರ್ಟಿನ ಕಾಲರಿಗೆ ಅಂಟಿಕೊಂಡೇ ಇರಬೇಕು, ನಡುವೆ ಸಂದು ಬಿಟ್ಟರೆ ವಾಪಸ್ ಕೊಡಬೇಕು. ಕೈ ಇಳಿಬಿಟ್ಟಾಗ ಶರ್ಟಿನ ಕಫ್ 1 ಸೆಂ.ಮೀ.ಗಿಂತ ಕಡಿಮೆ ಕಾಣಬಾರದು.

ಶರ್ಟು ಬಿಳಿ. ಎದೆಯ ಭಾಗ ಉಬ್ಬು ವಿನ್ಯಾಸದ ಮಾರ್ಸೆಲ್ಲಾ ನೇಯ್ಗೆಯದ್ದು ಅಥವಾ ಸಣ್ಣ ನೆರಿಗೆಯದ್ದು, ಮಡಚಿ ಕಫ್‌ಲಿಂಕ್ ಹಾಕುವ ಡಬಲ್ ಕಫ್, ಸಾಧಾರಣ ಮಡಚಿದ ಕಾಲರ್. ತುದಿ ಮೇಲೆ ಬಾಗಿದ ವಿಂಗ್ ಕಾಲರ್ ಬಾಲಕೋಟು ಹಾಕುವ ವೈಟ್ ಟೈ ಉಡುಪಿನ ಅಂಗ. ಕಪ್ಪು ಬೋ ಟೈಗೆ ಅದು ಬೇಡ. ಹೊಲಿಸುವಾಗ ಗಮನಿಸಬೇಕಾದ ಸಣ್ಣ ಸಂಗತಿ: ಎದೆಯ ದಪ್ಪ ಪಟ್ಟಿ ಪ್ಯಾಂಟಿನ ಸೊಂಟಪಟ್ಟಿಗಿಂತ ಮೇಲೆಯೇ ಮುಗಿಯಬೇಕು. ಉದ್ದವಾಗಿ ಸೊಂಟದೊಳಗೆ ಇಳಿದರೆ ಕೂತಾಗಲೆಲ್ಲ ಅದು ಹಲಗೆಯಂತೆ ಮುಂದಕ್ಕೆ ಉಬ್ಬುತ್ತದೆ. ಸ್ಟಡ್‌ಗಳು ಸಾಮಾನ್ಯವಾಗಿ 4. ನಾನು 1 ಹೆಚ್ಚುವರಿಯಾಗಿ ಒಯ್ಯುತ್ತೇನೆ, ಏಕೆಂದರೆ ಕ್ಯಾಬಿನ್ ಮಂಚದಡಿಯ ಸೂಟ್‌ಕೇಸುಗಳ ನಡುವೆ ಉರುಳಿದ ಸ್ಟಡ್ ಆ ಸಂಜೆಗೆ ಸಿಗುವುದಿಲ್ಲ. ಶರ್ಟು ಹಾಕಿಕೊಳ್ಳುವ ಮೊದಲೇ, ಹಾಸಿಗೆಯ ಮೇಲೆ ಟವೆಲ್ ಹಾಸಿ, ಕೆಳಗಿನ ಎರಡನ್ನು ಹಾಕಿಟ್ಟರೆ ಅರ್ಧ ಕಷ್ಟ ಕಳೆಯಿತು.

ಬೋ ಟೈ ಕೈಯಲ್ಲೇ ಕಟ್ಟುವಂಥದ್ದಾಗಿರಲಿ. ಕೊಕ್ಕೆಯ ರೆಡಿಮೇಡ್ ಟೈ ಸಪಾಟಾಗಿ, ಎರಡೂ ಕಡೆ ಅಚ್ಚೊತ್ತಿದ ಹಾಗೆ ಕಾಣುತ್ತದೆ. ಕೈಯಲ್ಲಿ ಕಟ್ಟಿದ್ದರ ಸ್ವಲ್ಪ ಓರೆಯೇ ಅದರ ಚೆಂದ. ಮೊದಲು ಟೈ ಪಟ್ಟಿಯ ಮೇಲಿನ ಗುರುತನ್ನು ನಿಮ್ಮ ಕಾಲರ್ ಅಳತೆಗೆ ಹೊಂದಿಸಿ. ಕತ್ತಿಗೆ ಹಾಕಿ ಒಂದು ತುದಿಯನ್ನು 4 ಸೆಂ.ಮೀ.ಯಷ್ಟು ಉದ್ದ ಬಿಡಿ. ಉದ್ದದ ತುದಿಯನ್ನು ಗಿಡ್ಡದರ ಮೇಲೆ ದಾಟಿಸಿ, ಕೆಳಗಿನಿಂದ ಮೇಲೆ ತಂದು ಬಿಗಿಯಿರಿ. ಗಿಡ್ಡ ತುದಿಯನ್ನು ಅಡ್ಡಕ್ಕೆ ಮಡಚಿ ಕಾಲರ್ ಮುಂದೆ ಬೋ ಆಕಾರದಲ್ಲಿ ಹಿಡಿಯಿರಿ. ಅದರ ನಡುವಿನ ಮೇಲೆ ಉದ್ದದ ತುದಿಯನ್ನು ನೇರ ಕೆಳಗೆ ಇಳಿಬಿಡಿ. ಎಲ್ಲರೂ ಎಡವುವುದು ಇನ್ನು ಮುಂದೆ. ಇಳಿಬಿಟ್ಟ ತುದಿಯನ್ನು ಹಾಗೇ ತೂರಿಸಬಾರದು. ಅದನ್ನೂ ನಡುವಿನಲ್ಲಿ ಮಡಚಿ, ಮಡಚಿದ ಮೂತಿಯನ್ನು ಮುಂದಿನ ಬೋ ಹಿಂದೆ ಉಂಟಾಗಿರುವ ಸಂದಿಯಲ್ಲಿ ಬೆರಳಿನಿಂದ ಒತ್ತಿ ತೂರಿಸಬೇಕು. ಬಿಗಿಗೊಳಿಸಲು ಎರಡು ಕಡೆಯ ಮಡಿಕೆಗಳನ್ನು ಎಳೆಯಿರಿ. ಬಿಡಿ ತುದಿಗಳನ್ನು ಎಳೆದರೆ ಗಂಟೇ ಬಿಚ್ಚಿಹೋಗುತ್ತದೆ. ಕಟ್ಟಿದ ಬೋ ಮುಖದ ಅಗಲವನ್ನು ಮೀರಬಾರದು. ಕೈ ಕೂಡಬೇಕಾದರೆ ಮನೆಯಲ್ಲಿ ಮೊದಲು ಮೊಣಕಾಲಿನ ಮೇಲೆ ತೊಡೆಗೆ ಸುತ್ತಿ ಅಭ್ಯಾಸ ಮಾಡಬೇಕು. ಕನ್ನಡಿಯ ಎಡಬಲ ಗೊಂದಲ ಅಲ್ಲಿ ಇರುವುದಿಲ್ಲ.

ಬೂಟು ದಾರ ಕಟ್ಟುವ ಕಪ್ಪು ಆಕ್ಸ್‌ಫರ್ಡ್, ಮೂತಿಯ ಮೇಲೆ ಚಿತ್ತಾರವಿಲ್ಲದ್ದು. ಕನ್ನಡಿಯಂತೆ ಹೊಳೆಯುವ ಪೇಟೆಂಟ್ ಚರ್ಮ ಸರಿಯೇ, ಆದರೆ ಅದು ಪಕ್ಕದಲ್ಲಿರುವ ಬಟ್ಟೆಯ ಬಣ್ಣ ಹೀರಿಕೊಳ್ಳುತ್ತದೆ, ಬಿಸಿಯಲ್ಲಿ ಒಂದಕ್ಕೊಂದು ಅಂಟುತ್ತದೆ. ಒಂದೊಂದು ಬೂಟನ್ನು ಬೇರೆ ಬೇರೆ ಬಿಳಿ ಹತ್ತಿ ಚೀಲದಲ್ಲಿ ಹಾಕಿ. ಚೆನ್ನಾಗಿ ಪಾಲಿಶ್ ಮಾಡಿದ ಮಾಮೂಲಿ ಚರ್ಮವೂ ಸಾಕು. ಹೊಸ ಚರ್ಮದ ಅಟ್ಟೆ ಅಲುಗುವ ಹಡಗಿನ ಮೆಟ್ಟಿಲ ಮೇಲೆ ಜಾರುತ್ತದೆ. ಹೊರಡುವ ಮೊದಲು ಅಟ್ಟೆಯನ್ನು ಮರಳು ಕಾಗದದಿಂದ ಉಜ್ಜಿ, ಇಲ್ಲವೇ ಬೂಟು ರಿಪೇರಿಯವರ ಹತ್ತಿರ ತೆಳು ರಬ್ಬರ್ ಹಾಕಿಸಿ. ಕಾಲುಚೀಲ ಮಂಡಿಯವರೆಗಿನ ಕಪ್ಪು. ಗಿಡ್ಡ ಚೀಲ ಹಾಕಿದರೆ ಕಾಲ ಮೇಲೆ ಕಾಲು ಹಾಕಿದಾಗ ಚರ್ಮ ಕಾಣುತ್ತದೆ.

ದಂತದ ಬಣ್ಣದ ಡಿನ್ನರ್ ಜಾಕೆಟ್ ಬೆಚ್ಚಗಿನ ನೀರಿನವರಿಗೆ. ಕೆರಿಬಿಯನ್, ಆಗ್ನೇಯ ಏಷ್ಯಾ, ಮಳೆಗಾಲ ಕಳೆದ ಮೇಲೆ ಮುಂಬೈ, ಪಣಂಬೂರು, ಕೊಚ್ಚಿ ಬಂದರುಗಳನ್ನು ಮುಟ್ಟುವ ಅರಬ್ಬಿ ಸಮುದ್ರದ ಯಾನ ಇವುಗಳಲ್ಲಿ ಅದು ಬಲು ಚೆಂದ. ಉತ್ತರ ಅಟ್ಲಾಂಟಿಕ್‌ಗೆ ಹೊಂದುವುದಿಲ್ಲ. ಹಾಲಿನ ಬಿಳಿ ಬೇಡ, ಕೆನೆಯ ಬಣ್ಣವಿರಲಿ, ಲೇಪಲ್‌ಗೆ ಸ್ಯಾಟಿನ್ ಹಚ್ಚದೆ ಅದೇ ಬಟ್ಟೆ ಇರಲಿ, ಪ್ಯಾಂಟು ಕಪ್ಪೇ. ಸೆಕೆಯ ಪ್ರದೇಶಗಳಲ್ಲಿ ಜಾಕೆಟ್ ಬಿಟ್ಟು ಶರ್ಟು, ಬೋ ಟೈ, ಕಮರ್‌ಬಂಡಿನಲ್ಲೇ ಊಟಕ್ಕೆ ಬರುವ ರೆಡ್ ಸೀ ರಿಗ್ ಎಂಬ ಹಳೆಯ ಬ್ರಿಟಿಷ್ ಪದ್ಧತಿಯಿದೆ. ಹಡಗಿನವರೇ ಹೇಳದ ಹೊರತು ಪ್ರಯಾಣಿಕರು ಅದನ್ನು ಅನುಸರಿಸದಿರುವುದು ಒಳ್ಳೆಯದು.

ಇನ್ನು ನಮ್ಮವರಿಗೆ ಅತ್ಯಂತ ಸುಲಭವಾದ, ನನಗೆ ಅತ್ಯಂತ ಇಷ್ಟವಾದ ದಾರಿ ಬಂದ್‌ಗಲಾ. ಬೋ ಟೈ, ಸ್ಟಡ್, ಕಮರ್‌ಬಂಡ್ ಮೂರರ ಚಿಂತೆಯೂ ಇಲ್ಲ, ಏಕೆಂದರೆ ಕೋಟು ಕತ್ತಿನವರೆಗೆ ಮುಚ್ಚಿಕೊಂಡು ಸೊಂಟವನ್ನೂ ಹೊದೆಯುತ್ತದೆ. ಕಪ್ಪು ಅಥವಾ ಕಡು ನೀಲಿ ಉಣ್ಣೆಯಲ್ಲಿ ಹೊಲಿಸಿ. ಮದುವೆಗೆಂದು ಹೊಲಿಸಿದ ಕುಸುರಿಯ, ಹೊಳಪಿನ ಬಂದ್‌ಗಲಾ ಇಲ್ಲಿಗೆ ಭಾರವಾಗುತ್ತದೆ. ಕಾಲರ್ ಎತ್ತರ 4 ಸೆಂ.ಮೀ. ಆಸುಪಾಸು, ಕತ್ತು ಗಿಡ್ಡವಿದ್ದರೆ 3.5 ಸಾಕು. ಕಾಲರ್ ಕೊಕ್ಕೆ ಹಾಕಿದಾಗ ಒಂದು ಬೆರಳು ಒಳಗೆ ಹೋಗಬೇಕು. ಊಟ ಮಾಡುವಾಗ ಕತ್ತು ಬಾಗುತ್ತದೆ, ನಿಂತು ಅಳತೆ ಕೊಟ್ಟ ಕಾಲರ್ ಆಗ ಒತ್ತುತ್ತದೆ. ಹಾಗಾಗಿ ಟ್ರಯಲ್‌ನಲ್ಲಿ ಕುರ್ಚಿ ಕೇಳಿ, ಕೂತು, ತಲೆ ಬಗ್ಗಿಸಿ ನೋಡಿ. ಒಳಗೆ ಮಡಚದ ನೇರ ಪಟ್ಟಿ ಕಾಲರಿನ ಬಿಳಿ ಶರ್ಟು ಹಾಕಿ ಅಂಚಿನಲ್ಲಿ 2ರಿಂದ 3 ಮಿ.ಮೀ. ಬಿಳಿ ಗೆರೆ ಕಾಣುವಂತೆ ಇಟ್ಟುಕೊಂಡರೆ ಇಡೀ ಉಡುಪಿಗೆ ಕಳೆ ಬರುತ್ತದೆ. ಪ್ಯಾಂಟಿಗೆ ರೇಷ್ಮೆ ಪಟ್ಟಿ ಬೇಡ. ಎದೆಯ ಜೇಬಿನಲ್ಲಿ ಬಿಳಿ ಕರ್ಚೀಫು ಸಾಕು.

ಮೈಸೂರು ಕಡೆಯ ಕಚ್ಚೆಪಂಚೆ, ಮುಚ್ಚುಕತ್ತಿನ ಉದ್ದ ಕೋಟು, ಜರಿಯಂಚಿನ ಶಲ್ಯ, ಪೇಟ ಇವೂ ನಾಡಿನ ಉಡುಪಿನ ಲೆಕ್ಕಕ್ಕೆ ಸಲ್ಲುತ್ತವೆ, ಸಂಕೋಚವೇ ಬೇಡ. ಸುತ್ತುಪಂಚೆಗಿಂತ ಕಚ್ಚೆಯನ್ನೇ ಆರಿಸಿ. ಮೆಟ್ಟಿಲು, ಗಾಳಿ, ಹಡಗಿನ ತೂಗಾಟ ಮೂರನ್ನೂ ಅದು ತಡೆದುಕೊಳ್ಳುತ್ತದೆ. ಪಾದ ತೆರೆದ ಚಪ್ಪಲಿಯನ್ನು ಮಾತ್ರ ಬಿಡಬೇಕು, ಊಟದ ಹಾಲ್‌ಗಳಲ್ಲಿ ಗಂಡಸರ ಚಪ್ಪಲಿಗೆ ಆಕ್ಷೇಪ ಬರುತ್ತದೆ. ಮುಚ್ಚಿದ ಕಪ್ಪು ಚರ್ಮದ ಜೋಡು ಸರಿ.

ಪ್ಯಾಕಿಂಗ್ ಹೀಗೆ. ಜಾಕೆಟ್ಟಿನ ಒಂದು ಭುಜವನ್ನು ಒಳಹೊರಗು ಮಾಡಿ, ಇನ್ನೊಂದು ಭುಜವನ್ನು ಅದರೊಳಗೆ ಕೂರಿಸಿ, ಲೈನಿಂಗ್ ಹೊರಗೆ ಬರುವಂತೆ ಉದ್ದಕ್ಕೆ ಮಡಚಿ, ತೆಳು ಕಾಗದ ಇಟ್ಟು ಸೂಟ್‌ಕೇಸಿನ ಮೇಲ್ಪದರದಲ್ಲಿ ಇಡುತ್ತೇನೆ. ವಿಮಾನದಲ್ಲಿ ಬಂದರಿಗೆ ಹೋಗುವವರು ಜಾಕೆಟ್, ಶರ್ಟು, ಟೈ, ಸ್ಟಡ್ ಡಬ್ಬಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಸಾಮಾನು ತಡವಾಗಿ ಬರುವ ಹೊತ್ತಿಗೆ ಹಡಗು ಹೊರಟಿರಬಹುದು, ನಡುಸಮುದ್ರದಲ್ಲಿ ಅದು ತಲುಪುವ ದಾರಿಯಿಲ್ಲ. ಇಸ್ತ್ರಿ ಪೆಟ್ಟಿಗೆ, ಸಣ್ಣ ಸ್ಟೀಮರ್ ಒಯ್ಯಬೇಡಿ, ಬೆಂಕಿಯ ಭಯದಿಂದ ಬಹುತೇಕ ಕಂಪನಿಗಳು ಅವನ್ನು ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತವೆ. ಕ್ವೀನ್ ಮೇರಿ 2ರಲ್ಲಿ ಪ್ರಯಾಣಿಕರಿಗೆಂದೇ ಇಸ್ತ್ರಿ ಸೌಕರ್ಯವಿರುವ ಬಟ್ಟೆ ಒಗೆಯುವ ಕೋಣೆಗಳಿವೆ, ಆದರೆ ಗಾಲಾ ಸಂಜೆಯ ಮಧ್ಯಾಹ್ನ ಅಲ್ಲಿ ಸಾಲು ನಿಲ್ಲಬೇಕಾಗುತ್ತದೆ. ಹಿಂದಿನ ದಿನ ಬೆಳಿಗ್ಗೆಯೇ ಮುಗಿಸಿ. ಉಣ್ಣೆಯ ಜಾಕೆಟ್ಟಿಗೆ ಇಸ್ತ್ರಿಯೇ ಬೇಡ. ಹತ್ತಿದ ಮೊದಲ ದಿನವೇ ಬಚ್ಚಲಿನಲ್ಲಿ ತೂಗುಹಾಕಿ, ಬಿಸಿನೀರಿನ ಆವಿಯಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಮಡಿಕೆ ಇಳಿಯುತ್ತದೆ. ಅಂಟುಹಾಕಿ ಹೊಲಿದ ಅಗ್ಗದ ಫ್ಯೂಸಿಂಗ್ ಜಾಕೆಟ್ ಮಾತ್ರ ಇದಕ್ಕೆ ತಾಳುವುದಿಲ್ಲ, ಪದೇ ಪದೇ ಆವಿ ತಗುಲಿದರೆ ಎದೆಯ ಮೇಲೆ ಗುಳ್ಳೆ ಏಳುತ್ತದೆ.

ಎರಡು ಪಂಕ್ತಿಯ ಊಟವಿರುವ ಹಡಗಿನಲ್ಲಿ ಮೊದಲ ಪಂಕ್ತಿಯವರು ದಿನದ ಸುತ್ತಾಟ ಮುಗಿಸಿ ಬೇಗ ಕ್ಯಾಬಿನ್ ಸೇರಬೇಕು. ತೊಡಲು ನಾನು ಅರ್ಧ ಗಂಟೆ ಇಟ್ಟುಕೊಳ್ಳುತ್ತೇನೆ: ಕಾಲುಚೀಲ, ಶರ್ಟು, ಸಸ್ಪೆಂಡರ್ ಸಿಕ್ಕಿಸಿದ ಪ್ಯಾಂಟು, ಬೂಟು, ಬೋ ಟೈ, ಕಮರ್‌ಬಂಡ್, ಕೊನೆಗೆ ಜಾಕೆಟ್. ಬೂಟಿನ ದಾರ ಕಟ್ಟಲು ಬಗ್ಗುವುದು ಕಮರ್‌ಬಂಡಿಗೆ ಮುಂಚೆಯೇ ಮುಗಿದಿರಬೇಕು. ಕೂತಾಗ ಜಾಕೆಟ್ಟಿನ ಗುಂಡಿ ಬಿಚ್ಚಿ, ಎದ್ದಾಗ ಹಾಕಿ. ಬಂದ್‌ಗಲಾ ತೊಟ್ಟವರು ಕೂತಾಗಲೂ ಕತ್ತಿನ ಕೊಕ್ಕೆ ಬಿಚ್ಚಬಾರದು.

ಮರಳಿ ಬಂದ ಮೇಲೆ ಸೂಟನ್ನು ಡ್ರೈಕ್ಲೀನರ್ ಕೊಟ್ಟ ಪ್ಲಾಸ್ಟಿಕ್‌ನಲ್ಲೇ ಬೀರುವಿಗೆ ಇಡಬೇಡಿ. ಸಮುದ್ರದ ತೇವ ಕುಡಿದ ಉಣ್ಣೆ ನೆರಳಿನಲ್ಲಿ ಒಂದೆರಡು ದಿನ ಗಾಳಿಯಾಡಲಿ. ಆಮೇಲೆ ಬ್ರಷ್ ಮಾಡಿ, ಅಗಲ ಭುಜದ ಮರದ ಹ್ಯಾಂಗರಿಗೆ ಹಾಕಿ, ಹತ್ತಿ ಹೊದಿಕೆಯೊಳಗೆ ಇಡಿ. ಮಂಗಳೂರು, ಉಡುಪಿ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆಯಾದರೂ ಹೊರತೆಗೆದು ಲೇಪಲ್‌ನ ಹಿಂಬದಿ ನೋಡಬೇಕು, ಬೂಸು ಮೊದಲು ಹಿಡಿಯುವುದು ಅಲ್ಲೇ.