ಲೋಕಲ್ ಇಳಿದ ಮೇಲೆ ಹೆಗಲನ್ನೂ ಇಳಿಸಿ

ಸಂಜೆ ಆರರ ಮೇಲೆ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿನಿಂದ ಹೊರಡುವ ಯಾವುದಾದರೂ ಕಲ್ಯಾಣ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಒಮ್ಮೆ ಕಣ್ಣಾಡಿಸಿ. ನಿಂತವರೆಲ್ಲರ ಒಂದು ಕೈ ಮೇಲಿನ ಹಿಡಿಯಲ್ಲಿ, ಇನ್ನೊಂದು ಎದೆಗವಚಿಕೊಂಡ ಬ್ಯಾಗಿನ ಮೇಲೆ. ಹಿಡಿಯ ಕಡೆಯ ಹೆಗಲು ಕಿವಿಯ ಪಕ್ಕಕ್ಕೆ ಹೋಗಿ ಕೂತಿರುತ್ತದೆ, ಬ್ಯಾಗಿನ ಕಡೆಯದು ಮುಂದಕ್ಕೆ ಮುದುಡಿರುತ್ತದೆ. ಡೊಂಬಿವಲಿಯಲ್ಲಿ ಇಳಿದು ರಿಕ್ಷಾದ ಸಾಲಿನಲ್ಲಿ ನಿಂತಾಗಲೂ ಎರಡೂ ಅಲ್ಲೇ ಇರುತ್ತವೆ. ಸ್ಟೇಷನ್ ಬಂದದ್ದು ಅವಕ್ಕೆ ಯಾರೂ ಹೇಳಿಲ್ಲ.

ನನ್ನ ಬಲ ಹೆಗಲಿಗೂ ವರ್ಷಗಟ್ಟಲೆ ಯಾರೂ ಹೇಳಿರಲಿಲ್ಲ. ಮೇಲಿನ ಶೆಲ್ಫಿನ ಉಪ್ಪಿನಕಾಯಿ ಭರಣಿಗೆ ಕೈ ಚಾಚಿದರೆ ಅರ್ಧ ದಾರಿಯಲ್ಲೇ ಏನೋ ಹಿಡಿದ ಹಾಗೆ. ಕೂದಲು ಬಾಚುವಾಗ ತಲೆಯನ್ನೇ ಬಾಚಣಿಗೆಯತ್ತ ಬಾಗಿಸುತ್ತಿದ್ದೆ. ಮನೆ ಹತ್ತಿರದ ಒಂದು ಜಿಮ್‌ಗೆ ಹೋದೆ. ಅಲ್ಲಿನ ಹುಡುಗ ‘ಸ್ಟಿಫ್ ಆಗಿದೆ ಆಂಟಿ, ಎಳೆದರೆ ಬಿಡುತ್ತೆ’ ಎಂದು ಕೈಯನ್ನು ಹಿಂದಕ್ಕೆ ಎಳೆದ. ಬಿಟ್ಟದ್ದು ಹೆಗಲಲ್ಲ, ನಾಲ್ಕು ರಾತ್ರಿಯ ನಿದ್ದೆ. ಆಮೇಲೆ ಮಾಟುಂಗದ ಗೆಳತಿಯೊಬ್ಬಳು ತನಗೆ ಗೊತ್ತಿದ್ದ ನಿಧಾನದ ಚಲನೆಗಳನ್ನು ನೆಲದ ಮೇಲೆ ಮಲಗಿಸಿ ಹೇಳಿಕೊಟ್ಟಳು. ಎಳೆಯುವುದಿಲ್ಲ, ಎಣಿಸಿ ಸುಸ್ತಾಗುವುದಿಲ್ಲ. ಮೊದಲ ದಿನ ‘ಇದೂ ಒಂದು ವ್ಯಾಯಾಮವೇ’ ಎಂದು ಒಳಗೊಳಗೇ ನಕ್ಕಿದ್ದೆ.

ಈ ಬಗೆಯ ಪಾಠಗಳ ಹಿಂದೆ ಇರುವ ದೊಡ್ಡ ಹೆಸರು ಮೋಶೆ ಫೆಲ್ಡನ್‌ಕ್ರೈಸ್ (1904–1984). ಇಂದಿನ ಉಕ್ರೇನಿನಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಎಂಜಿನಿಯರಿಂಗ್, ಭೌತಶಾಸ್ತ್ರ ಕಲಿತು, ಜೂಡೋದಲ್ಲಿ ಪಳಗಿದವರು. ಕೆಟ್ಟ ಮಂಡಿಯನ್ನು ತಾವೇ ಗಮನಿಸುತ್ತ ನಡೆಯುವುದನ್ನು ಮತ್ತೆ ಕಲಿಯಲು ಹೊರಟಾಗ ಈ ಪದ್ಧತಿ ರೂಪುಗೊಂಡಿತು. ಇಸ್ರೇಲಿನ ಅಂದಿನ ಪ್ರಧಾನಿ ಬೆನ್ ಗುರಿಯನ್ ಎಪ್ಪತ್ತರ ಆಸುಪಾಸಿನಲ್ಲಿ ಸಮುದ್ರದಂಡೆಯಲ್ಲಿ ಶೀರ್ಷಾಸನ ಹಾಕಿದ ಫೋಟೊ ಇದೆಯಲ್ಲ, ಅವರ ಗುರು ಇವರೇ.

ಹಾಗಾದರೆ ಇದು ಯೋಗವೇ ಎಂದು ನಮ್ಮವರು ಕೇಳಿಯೇ ಕೇಳುತ್ತಾರೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ 1937ರಲ್ಲಿ ಪುಣೆಗೆ ಬಂದು ನೆಲೆಸಿದ ಬಿ.ಕೆ.ಎಸ್. ಅಯ್ಯಂಗಾರ್ ಬೆಲ್ಟು, ಹಲಗೆ, ಕುರ್ಚಿಗಳ ಆಸರೆ ಕೊಟ್ಟು ಬಿಗಿದ ಮೈಯವರಿಗೂ ಆಸನ ಕಲಿಸಿದರು. ಅಲ್ಲಿ ತಲುಪಬೇಕಾದ ಒಂದು ಆಕಾರ ಉಂಟು. ಇಲ್ಲಿ ತಲುಪಬೇಕಾದ ಜಾಗವೇ ಇಲ್ಲ. ಕೈ ಎಲ್ಲಿಯವರೆಗೆ ಸುಖವಾಗಿ ಹೋಗುತ್ತದೋ ಅಲ್ಲಿಗೆ ಪಾಠ ಮುಗಿಯಿತು.

ತೋಳಿನ ಬುಡ ಎಲ್ಲಿದೆ?

ಪಾಠಕ್ಕೆಂದು ನೆಲದ ಮೇಲೆ ಮಲಗುವ ಮೊದಲು, ಕೂತಲ್ಲೇ ಇದೊಂದನ್ನು ನೋಡಿಬಿಡಿ. ಗಂಟಲ ಕೆಳಗಿನ ಗುಳಿಯ ಬಲಪಕ್ಕದಲ್ಲಿ, ಕೊರಳೆಲುಬು ಎದೆಮೂಳೆಗೆ ಸೇರುವ ಉಬ್ಬಿನ ಮೇಲೆ ಎಡಗೈ ಬೆರಳಿಡಿ. ಈಗ ಬಲ ಹೆಗಲನ್ನು ಮೆಲ್ಲಗೆ ಮೇಲೆ, ಕೆಳಗೆ, ಮುಂದೆ ಆಡಿಸಿ. ಬೆರಳಡಿಯಲ್ಲಿ ಪುಟ್ಟ ಗುಂಡಿಯೊಂದು ಹೊರಳಿದಂತಾಗುತ್ತದೆ. ಎಲುಬಿನ ಲೆಕ್ಕದಲ್ಲಿ ಇಡೀ ತೋಳು ಮುಂಡಕ್ಕೆ ಕೀಲುಗೊಂಡಿರುವುದು ಇದೊಂದೇ ಜಾಗದಲ್ಲಿ. ಬೆನ್ನ ಮೇಲ್ಗಡೆ ರೆಕ್ಕೆಯಂತಿರುವ ಚಪ್ಪಟೆ ಮೂಳೆ, ಅಂದರೆ ಹೆಗಲ ಹಲಗೆ, ಬೆನ್ನುಮೂಳೆಗೂ ಪಕ್ಕೆಲುಬಿಗೂ ಕೀಲಿನಿಂದ ಅಂಟಿಲ್ಲ. ಸ್ನಾಯುಗಳ ಹಿಡಿತದಲ್ಲಿ ಪಕ್ಕೆಲುಬಿನ ಗೂಡಿನ ಮೇಲೆ ಜಾರಾಡುತ್ತದೆ.

ಕೈಯನ್ನು ಪೂರ್ತಿ ತಲೆಯ ಮೇಲಕ್ಕೆ, ಸುಮಾರು 180 ಡಿಗ್ರಿ ಎತ್ತಿದರೆ ಅದರಲ್ಲಿ 120ರಷ್ಟು ಮಾತ್ರ ಭುಜದ ಕೀಲಿನದು. ಮಿಕ್ಕ 60 ಈ ಹಲಗೆ ತಿರುಗಿದ್ದರಿಂದ ಸಿಕ್ಕದ್ದು. ಹಲಗೆ ಜಾರುವುದನ್ನು ಮರೆತರೆ ಪಾಪದ ಕೀಲೊಂದೇ ಎಲ್ಲರ ಕೆಲಸ ಮಾಡಬೇಕು, ರಜೆ ಹಾಕಿದವರ ಫೈಲೆಲ್ಲ ಪಕ್ಕದ ಮೇಜಿಗೆ ಬಂದ ಹಾಗೆ.

ನಮ್ಮಮ್ಮ ರುಬ್ಬುವ ಕಲ್ಲಿನ ಮುಂದೆ ಕೂತಾಗ ನೋಡಬೇಕಿತ್ತು. ಬಲಗೈ ಗುಂಡುಕಲ್ಲು ತಿರುಗಿಸುತ್ತದೆ, ಎಡಗೈ ಹಿಟ್ಟನ್ನು ಒಳಗೆ ದೂಡುತ್ತದೆ. ಆದರೆ ಸುತ್ತು ಹಾಕುತ್ತಿದ್ದದ್ದು ಕೈಯಲ್ಲ, ಸೊಂಟದಿಂದ ಮೇಲಿನ ಅವಳ ಇಡೀ ಮೈ. ತಲೆಯೂ ಅದರ ಜೊತೆಗೇ ತೂಗುತ್ತಿತ್ತು. ನಾನು ಹತ್ತು ಸುತ್ತಿಗೇ ರಟ್ಟೆ ನೋವು ಎಂದು ಏಳುತ್ತಿದ್ದೆ, ಏಕೆಂದರೆ ನಾನು ರಟ್ಟೆಯಲ್ಲೇ ರುಬ್ಬುತ್ತಿದ್ದೆ. ಮುಂದೆ ಹೇಳುವ ಪಾಠದ ಗುಟ್ಟೆಲ್ಲ ಇಷ್ಟೇ.

ಯಾರು ಮಾಡಬಾರದು

ಬಿದ್ದು ಪೆಟ್ಟಾಗಿದ್ದರೆ, ಕೈ ಜೋಮು ಹಿಡಿದು ಬಲ ಕಳೆದುಕೊಂಡಿದ್ದರೆ, ಭುಜಕ್ಕೆ ಆಪರೇಷನ್ ಆಗಿದ್ದರೆ ಮೊದಲು ಡಾಕ್ಟರ್. ಎದೆ ಒತ್ತಿದಂತಾಗಿ, ಬೆವರಿ, ನೋವು ತೋಳಿಗೆ ಹಬ್ಬಿದರೆ ನೆಲದ ಮೇಲೆ ಮಲಗುವ ಮಾತೇ ಇಲ್ಲ, ತಕ್ಷಣ ಆಸ್ಪತ್ರೆ. ಇನ್ನೊಂದು ಪರೀಕ್ಷೆ: ಮೊಣಕೈಯನ್ನು ಪಕ್ಕೆಗೆ ಅಂಟಿಸಿ ಮಡಚಿ, ಮುಂಗೈಯನ್ನು ಹೊರಗಡೆಗೆ ತಿರುಗಿಸಿ. ನೀವು ತಿರುಗಿಸಿದರೂ, ಬೇರೆಯವರು ಮೆಲ್ಲಗೆ ತಿರುಗಿಸಿದರೂ ಅದು ಒಂದೇ ಕಡೆ ಗಕ್ಕನೆ ನಿಂತರೆ ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲೇ ಬಿಗಿದುಕೊಳ್ಳುವ ತೊಂದರೆ, ಇರಬಹುದು. 40ರಿಂದ 60ರ ನಡುವಿನವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಹೆಚ್ಚು. ತೋರಿಸಿಕೊಂಡು ಬನ್ನಿ.

ಸಿದ್ಧತೆ

ಮಂಚ ಬೇಡ. ಹಾಸಿಗೆ ಮೆತ್ತಗಿದ್ದರೆ ಬೆನ್ನಿಗೆ ಏನೂ ತಿಳಿಯುವುದಿಲ್ಲ. ನೆಲಕ್ಕೆ ಚಾಪೆ, ಅದರ ಮೇಲೆ ದಪ್ಪ ಜಮಖಾನ. ಮಳೆಗಾಲದಲ್ಲಿ ನಮ್ಮ ಟೈಲ್ಸ್ ಬೆವರುತ್ತದೆ, ಆಗ ಜಮಖಾನ ಎರಡಿರಲಿ. ತಲೆಗೆ ಮಡಚಿದ ಎರಡು ಟವೆಲ್. ಒನ್ ಬಿಎಚ್‌ಕೆಯಲ್ಲಿ ಅಷ್ಟು ಜಾಗ ಎಲ್ಲಿ ಎನ್ನಬೇಡಿ. ದೀವಾನಕ್ಕೂ ಟೀವಿಗೂ ನಡುವೆ ನಾನು ಮಲಗಿದರೆ ಮನೆಯವರು ದಾಟಿಕೊಂಡೇ ಅಡುಗೆಮನೆಗೆ ಹೋಗುತ್ತಾರೆ, ಯಾರಿಗೂ ಏನೂ ಆಗಿಲ್ಲ. ಊಟಕ್ಕೆ ಮುಂಚಿನ ಅರ್ಧ ಗಂಟೆ ಸಾಕು. ಫೋನು ಬೇರೆ ಕೋಣೆಯಲ್ಲಿ.

ಮಾಡುವ ಬಗೆ

ಮೊದಲು ಅಂಗಾತ ಮಲಗಿ. ಏನೂ ಮಾಡಬೇಡಿ, ನೆಲವನ್ನು ಕೇಳಿ: ಯಾವ ಹೆಗಲು ಹೆಚ್ಚು ತಾಗುತ್ತಿದೆ, ಯಾವುದು ಮೇಲೆದ್ದು ನಿಂತಿದೆ? ಬಲಗೈಯನ್ನು ಒಂದೇ ಸಲ ತಲೆಯ ಕಡೆಗೆ ಎತ್ತಿ, ಎಲ್ಲಿ ಮೊದಲ ತಡೆ ಬಂತೋ ಅಲ್ಲಿಂದ ವಾಪಸ್. ಆ ಜಾಗ ನೆನಪಿಟ್ಟುಕೊಳ್ಳಿ.

ಎರಡನೆಯದು. ಮೊಣಕಾಲು ಮಡಚಿ ಪಾದ ನೆಲಕ್ಕಿಡಿ. ಬಲಗೈ ನೇರ ಚಾವಣಿಯತ್ತ. ಫ್ಯಾನನ್ನು ಮುಟ್ಟುವ ಹಾಗೆ ಬೆರಳು ಮೇಲಕ್ಕೆ ಹೋಗಲಿ, ಅದರ ಜೊತೆ ಹೆಗಲ ಹಲಗೆ ನೆಲ ಬಿಟ್ಟು ಏಳಲಿ. ಮತ್ತೆ ಹಲಗೆ ನೆಲಕ್ಕೆ ಇಳಿಯಲಿ. ಹತ್ತು ಸಲ. ಮೊದಲ ಮೂರರಲ್ಲಿ ಎಲ್ಲರೂ ಜೋರು ತೋರಿಸುತ್ತಾರೆ. ನಾಲ್ಕನೆಯದನ್ನು ಅರ್ಧ ಬಲದಲ್ಲಿ ಮಾಡಿ, ಐದನೆಯದನ್ನು ಅದರರ್ಧದಲ್ಲಿ. ಉಸಿರು ಹಿಡಿದಿದ್ದೀರಾ? ದವಡೆ ಕಚ್ಚಿದ್ದೀರಾ? ಬಿಡಿ. ಕೈ ಇಳಿಸಿ, ಒಂದು ನಿಮಿಷ ಸುಮ್ಮನಿರಿ.

ಬಲ ಕಡಿಮೆ ಮಾಡಿ ಎಂದು ಪದೇ ಪದೇ ಹೇಳುವುದಕ್ಕೆ ಕಾರಣ ಇದೆ. ಐದು ಕಿಲೊ ಈರುಳ್ಳಿಯ ಚೀಲಕ್ಕೆ ಒಂದು ನಿಂಬೆಹಣ್ಣು ಹಾಕಿದರೆ ನಿಮಗೆ ಗೊತ್ತಾಗುವುದಿಲ್ಲ. ಬರಿಗೈಯಲ್ಲಿಟ್ಟರೆ ಗೊತ್ತಾಗುತ್ತದೆ. ಹೊರೆ ಹೆಚ್ಚಿದಷ್ಟೂ ಸಣ್ಣ ವ್ಯತ್ಯಾಸ ಕಾಣುವುದಿಲ್ಲ ಎಂಬುದನ್ನು 19ನೇ ಶತಮಾನದಲ್ಲಿ ಜರ್ಮನಿಯ ವಿಜ್ಞಾನಿ ಅರ್ನ್ಸ್ಟ್ ವೇಬರ್ ತೋರಿಸಿಕೊಟ್ಟರು, ಫೆಲ್ಡನ್‌ಕ್ರೈಸ್ ಅದನ್ನೇ ಹಿಡಿದುಕೊಂಡರು. ಬಿಗಿದ ಸ್ನಾಯುವಿಗೆ ತಾನು ಬಿಗಿದಿರುವುದು ತಿಳಿಯಬೇಕಾದರೆ ಗದ್ದಲ ತಗ್ಗಬೇಕು.

ಮೂರನೆಯದು ಈ ಪಾಠದ ಹೃದಯ, ಅವಸರ ಬೇಡ. ಎಡಮಗ್ಗುಲಾಗಿ, ಕುರ್ಚಿಯಲ್ಲಿ ಕೂತ ಹಾಗೆ ಮೊಣಕಾಲು ಮಡಚಿ ಒಂದರ ಮೇಲೊಂದಿಡಿ. ತಲೆ ಟವೆಲ್ ಮೇಲೆ, ಕತ್ತು ಜೋತುಬೀಳದಷ್ಟು ಎತ್ತರಕ್ಕೆ. ಎರಡೂ ಕೈ ಎದೆಯ ಮುಂದೆ ನೀಳವಾಗಿ, ಅಂಗೈ ಮೇಲೆ ಅಂಗೈ. ಈಗ ಬಲ ಅಂಗೈಯನ್ನು ಎಡ ಅಂಗೈ ಮೇಲೆ ಮುಂದಕ್ಕೆ ಜಾರಿಸಿ, ಬೆರಳು ಬೆರಳನ್ನು ದಾಟಲಿ. ಹಾಗೇ ಹಿಂದಕ್ಕೆ ಎಳೆದು ಎಡ ಮಣಿಕಟ್ಟಿನತ್ತ ತನ್ನಿ. ಮೊಣಕೈ ಮಡಚಬೇಡಿ, ಮಡಚಿದರೆ ಹಲಗೆ ಕೆಲಸಗಳ್ಳತನ ಮಾಡುತ್ತದೆ.

ಐದಾರು ಸಲ ಆದ ಮೇಲೆ ಒಳಗೆ ಏನಾಗುತ್ತಿದೆ ನೋಡಿ. ಕೈ ಮುಂದೆ ಹೋದಾಗ ಹಲಗೆ ಬೆನ್ನುಮೂಳೆಯಿಂದ ದೂರ ಜಾರುತ್ತದೆ, ಹಿಂದೆ ಬಂದಾಗ ಹತ್ತಿರ. ಮೊದಲ ದಿನ ನನಗೆ ಇದು ಒಂದಿಷ್ಟೂ ತಿಳಿಯಲಿಲ್ಲ, ಗೆಳತಿ ತನ್ನ ಅಂಗೈಯನ್ನು ಅಲ್ಲಿಟ್ಟಾಗಲೇ ‘ಓ, ಇಲ್ಲೊಂದು ಮೂಳೆ ಇದೆ’ ಎನಿಸಿದ್ದು. ನಿಮ್ಮ ಮನೆಯಲ್ಲೂ ಯಾರಾದರೂ ಅಂಗೈ ಇಡಲಿ. ಒತ್ತಬಾರದು, ತಿಕ್ಕಬಾರದು, ಇಟ್ಟರಾಯಿತು. ಆಮೇಲೆ ಎದೆಯನ್ನೂ ಸೇರಿಸಿಕೊಳ್ಳಿ: ಕೈ ಮುಂದಕ್ಕೆ ಹೋಗುವಾಗ ಎದೆ ನೆಲದತ್ತ ಚೂರು ಹೊರಳಲಿ, ಬರುವಾಗ ಚಾವಣಿಯತ್ತ. ಮೂಗೂ ಹಿಂಬಾಲಿಸಲಿ. ಅಮ್ಮ ರುಬ್ಬಿದ್ದು ಹೀಗೇ. ಇಷ್ಟಾದಾಗ ಕೈ ಒಂದು ಬೆರಳಗಲ ಹೆಚ್ಚು ದೂರ ಹೋಗಿರುತ್ತದೆ, ಬಲ ಮಾತ್ರ ಕಡಿಮೆ ಹಿಡಿದಿರುತ್ತದೆ.

ನಾಲ್ಕನೆಯದು ಗಡಿಯಾರ. ಅದೇ ಮಗ್ಗುಲಲ್ಲಿ, ಬಲಗೈ ಮಡಚಿ ಅಂಗೈಯನ್ನು ಎದೆಯ ಮುಂದೆ ನೆಲಕ್ಕೂರಿ. ಹೆಗಲ ಮೇಲೆ ಒಂದು ಗಡಿಯಾರ ಇದೆ ಎಂದುಕೊಳ್ಳಿ: ಕಿವಿಯ ಕಡೆ 12, ಸೊಂಟದ ಕಡೆ 6, ಮುಂದೆ 3, ಹಿಂದೆ 9. ಮೊದಲು 12ಕ್ಕೂ 6ಕ್ಕೂ ನಡುವೆ ಓಡಾಡಿ, ಆಮೇಲೆ 3ಕ್ಕೂ 9ಕ್ಕೂ. ಕೊನೆಗೆ ಪೂರ್ತಿ ಸುತ್ತು, ಆ ಕಡೆಯಿಂದ ಐದು, ಈ ಕಡೆಯಿಂದ ಐದು. ಸುತ್ತು ಗುಂಡಗೆ ಬರುವುದಿಲ್ಲ, ಎಲ್ಲೋ ಒಂದೆರಡು ಗಂಟೆ ಹಾರಿಹೋಗುತ್ತದೆ. ನನಗೆ 7ರಿಂದ 9 ಇರಲೇ ಇಲ್ಲ. ಹಾರಿದಲ್ಲಿ ಒತ್ತಾಯ ಬೇಡ, ಸುತ್ತನ್ನು ಚಿಕ್ಕದು ಮಾಡಿ. ಎಂಟಾಣೆಯಷ್ಟು ಗುಂಡಗಾದರೂ ಸಾಕು.

ಐದನೆಯದಕ್ಕೆ ತೋಳು ಪೂರ್ತಿ ಬಿಡಿ. ಬಲಗೈ ಬೆರಳು ನೆಲ ಸವರುತ್ತ ಮುಖದ ಮುಂದಿನಿಂದ ತಲೆಯ ಮೇಲ್ಗಡೆ ಹಾದು, ಬೆನ್ನ ಹಿಂದಕ್ಕೆ ಹೋಗಿ, ಸೊಂಟ ದಾಟಿ ಮುಂದೆ ಬರಲಿ. ರಂಗೋಲಿ ಎಳೆಯುವಷ್ಟು ಹಗುರ. ಹಿಂದೆ ಹೋದಾಗ ನೆಲ ತಾಗದಿದ್ದರೆ ಗಾಳಿಯಲ್ಲೇ ಸಾಗಲಿ, ಮೊಣಕೈ ಮಡಚಿಕೊಳ್ಳಬಹುದು. ಕಣ್ಣು ಕೈಯನ್ನೇ ನೋಡುತ್ತಿರಲಿ, ಎದೆ ತೆರೆದುಕೊಳ್ಳಲಿ, ಮೊಣಕಾಲು ಮಾತ್ರ ಇದ್ದಲ್ಲೇ ಇರಲಿ. ನಾಲ್ಕೈದು ಸುತ್ತು, ಆಮೇಲೆ ಉಲ್ಟಾ. ಚಳುಕು ಬಂದರೆ ಅಲ್ಲಿಂದ ವಾಪಸ್ಸು.

ಮತ್ತೆ ಅಂಗಾತ. ಈಗ ನೆಲ ಬೇರೆ ಉತ್ತರ ಕೊಡುತ್ತದೆ. ಸಾಮಾನ್ಯವಾಗಿ ಬಲ ಹೆಗಲು ಅಗಲವಾಗಿ ಕೆಳಗಿಳಿದಿರುತ್ತದೆ, ಕೈ ಉದ್ದವಾದಂತಿರುತ್ತದೆ, ಎಡದ್ದು ಇನ್ನೂ ಲೋಕಲ್‌ನಲ್ಲೇ ಇರುತ್ತದೆ. ಬಲಗೈಯನ್ನು ತಲೆಯ ಕಡೆಗೆ ಎತ್ತಿ, ಮೊದಲ ತಡೆ ಈಗ ಎಲ್ಲಿದೆ ನೋಡಿ. ಈ ವ್ಯತ್ಯಾಸವನ್ನು ಒಂದು ನಿಮಿಷ ಅನುಭವಿಸದೆ ಎಡಗಡೆಗೆ ಓಡಬೇಡಿ, ಮೈ ಕಲಿಯುವುದು ಹೋಲಿಸಿಯೇ.

ಎಡಗಡೆಯನ್ನು ಎರಡು ರೀತಿ ಮಾಡಬಹುದು. ಬಲಮಗ್ಗುಲಾಗಿ ಎಲ್ಲವನ್ನೂ ಮತ್ತೆ ಮಾಡುವುದು ಒಂದು. ಇನ್ನೊಂದು, ಕೈ ಅಲುಗಿಸದೆ ಪ್ರತಿ ಹೆಜ್ಜೆಯನ್ನೂ ಮನಸ್ಸಿನಲ್ಲೇ ಮಾಡುವುದು. ಫೆಲ್ಡನ್‌ಕ್ರೈಸ್ ಕೆಲವು ಪಾಠಗಳಲ್ಲಿ ಎರಡನೇ ಪಕ್ಕವನ್ನು ಹೀಗೇ ಮಾಡಿಸುತ್ತಿದ್ದರು. ನಾನು ನಂಬಿರಲಿಲ್ಲ. ನೋವು ಜಾಸ್ತಿಯಿದ್ದ ಒಂದು ದಿನ ಬೇರೆ ದಾರಿಯಿಲ್ಲದೆ ಮಾಡಿ ನೋಡಿದೆ, ಈಗ ಸೋಮಾರಿತನಕ್ಕೂ ಅದನ್ನೇ ಮಾಡುತ್ತೇನೆ.

ಏಳುವಾಗ ದಡಕ್ಕನೆ ಏಳಬೇಡಿ. ಮಗ್ಗುಲಾಗಿ, ಕೈಯೂರಿ, ನಿಧಾನ. ನಿಂತು ತೋಳನ್ನು ಜೋತುಬಿಟ್ಟು ಮನೆಯಲ್ಲೇ ನಾಲ್ಕು ಹೆಜ್ಜೆ ಹಾಕಿ. ವಾರಕ್ಕೆ ಮೂರು ದಿನ ಸಾಕು. ಮಾರನೇ ದಿನ ನೋವು ಹೆಚ್ಚಿದ್ದರೆ ಹಿಂದಿನ ದಿನ ಜೋರು ಮಾಡಿದ್ದೀರಿ ಎಂದೇ ಅರ್ಥ, ಅರ್ಧಕ್ಕೆ ಇಳಿಸಿ.

ಮರುದಿನ ಲೋಕಲ್‌ನಲ್ಲಿ

ಹಿಡಿ ಹಿಡಿಯುವಾಗ ಹೆಗಲು ಮೇಲೇರುವುದನ್ನು ತಡೆಯಬೇಡಿ. ಕೈ ಮೇಲೆ ಹೋದರೆ ಹಲಗೆಯೂ ತಿರುಗಿ ಏರಲೇಬೇಕು, ಅದು ತಪ್ಪಲ್ಲ. ಏರಿದ ಮೇಲೆ ಅಲ್ಲೇ ಗಂಟಾಗುವುದು ತೊಂದರೆ. ಮೊಣಕೈ ಚೂರು ಸಡಿಲಿಸಿ, ಬೆರಳಿನಿಂದ ಹಿಡಿದುಕೊಳ್ಳಿ, ಭಾರ ಕಾಲ ಮೇಲಿರಲಿ. ಗಾಡಿ ವಾಲಿದಾಗ ಮೊಣಕಾಲು ಮತ್ತು ಸೊಂಟ ವಾಲಲಿ. ಬ್ಯಾಗ್ ಎದೆಯ ಮೇಲಿದ್ದರೆ ಅದರ ಪಟ್ಟಿಯನ್ನು ಎರಡಿಂಚು ಉದ್ದ ಮಾಡಿ. ಗರ್ದಿ ಕಡಿಮೆಯಾದ ಕೂಡಲೇ ಮೇಲಿನ ರ‍್ಯಾಕಿಗೆ ದಾಟಿಸಿ, ಮುಂದೆ ಕೂತವರು ಇಟ್ಟುಕೊಡುತ್ತಾರೆ. ಕುರ್ಲಾವರೆಗೆ ಬಲಗೈ, ಕುರ್ಲಾ ದಾಟಿದ ಮೇಲೆ ಎಡಗೈ. ಅಷ್ಟರಲ್ಲಿ ಕಿಟಕಿ ಪಕ್ಕ ಕೂತವಳನ್ನು ‘ಕಹಾಂ ಉತರೇಂಗೇ’ (ಎಲ್ಲಿ ಇಳಿಯುತ್ತೀರಿ) ಎಂದು ಕೇಳಿಟ್ಟುಕೊಳ್ಳಿ. ಠಾಣೆ ಎಂದರೆ ನಿಮ್ಮ ಪುಣ್ಯ.