ಹಲ್ಲು ಬೆಳ್ಳಗೆ ಮಾಡಿಸ್ಕೊಂಡಾಗ ಆಗೋ ಜುಂ: ನಾನು ಹೇಗೆ ನಿಭಾಯಿಸ್ದೆ

ಹಲ್ಲು ವೈಟ್ನಿಂಗ್ ಮಾಡಿಸ್ಬೇಕು ಅಂತಿರೋರೆಲ್ಲ ಬಣ್ಣ ಎಷ್ಟ್ ಬರುತ್ತೆ ದುಡ್ಡೆಷ್ಟಾಗುತ್ತೆ ಅಂತ ಕೇಳ್ತಾರೆ, ಆಮೇಲೆ ಹಲ್ಲು ಜುಂ ಅಂದ್ರೆ ಏನ್ ಮಾಡೋದು ಅಂತ ಕೇಳೋರು ಕಮ್ಮಿ. ನನ್ ಪ್ರಕಾರ ಅದನ್ನೇ ಮೊದ್ಲು ಕೇಳ್ಬೇಕು ಕಣ್ರೀ, ಯಾಕಂದ್ರೆ ಜುಂ ಕಮ್ಮಿ ಮಾಡೋ ಕೆಲ್ಸದಲ್ಲಿ ಅರ್ಧಕ್ಕರ್ಧ ವೈಟ್ನಿಂಗ್ ಶುರು ಆಗೋಕ್ ಮುಂಚೆನೇ ಮುಗೀಬೇಕು.

ನಾನು ಮಂಡ್ಯದೋಳು, ತೋರಿಸ್ಕೊಂಡಿದ್ದು ಮೈಸೂರಲ್ಲಿ. ನಂಗೆ ಮೊದ್ಲಿಂದ್ಲೂ ಕೆಳಗಿನ ಕೋರೆಹಲ್ಲಿನ ಹತ್ರ ವಸಡು ಸ್ವಲ್ಪ ಇಳಿದಿದೆ, ತಣ್ಣಗಿರೋದು ಏನ್ ತಿಂದ್ರೂ ಆ ಜಾಗ ಚುಳ್ ಅನ್ನುತ್ತೆ, ಇದನ್ನ ಡಾಕ್ಟರ್ ಹತ್ರ ಮೊದ್ಲೇ ಹೇಳ್ದೆ. ಅವ್ರು ಹುಳುಕು ಇದ್ಯಾ, ಹಳೇ ಫಿಲ್ಲಿಂಗ್ ಎಲ್ಲಾದ್ರೂ ಸಂದಿ ಬಿಟ್ಟಿದ್ಯಾ ಅಂತ ಒಂದೊಂದೇ ಹಲ್ಲು ನೋಡಿ, ಒಂದು ಫಿಲ್ಲಿಂಗ್ ಸರಿ ಮಾಡಿ, ಕ್ಲೀನಿಂಗ್ ಮಾಡಿ, ಆಮೇಲೇನೇ ಮುಂದಿನ ಮಾತು ಅಂದ್ರು. ಇದು ತುಂಬಾ ಮುಖ್ಯ, ಹುಳುಕಿರೋ ಹಲ್ಲಿನ ಒಳಗೆ ಬೆಳ್ಳಗೆ ಮಾಡೋಕೆ ಹಚ್ಚೋ ವೈಟ್ನಿಂಗ್ ಜೆಲ್ ಹೋದ್ರೆ ನೋವು ಬೇರೆನೇ ಲೆವೆಲ್ಲು.

ಜುಂ ಯಾಕೆ ಆಗುತ್ತೆ ಅಂತ ಅವ್ರು ಹೇಳಿದ್ದು ನಂಗೆ ಚೆನ್ನಾಗಿ ಅರ್ಥ ಆಯ್ತು, ಅದಕ್ಕೇ ಇಲ್ಲಿ ಬರೀತೀನಿ. ಹಲ್ಲಿನ ಮೇಲಿರೋದು ಎನಾಮಲ್, ಅದರ ಕೆಳಗೆ ಡೆಂಟಿನ್, ಆ ಡೆಂಟಿನ್ ತುಂಬಾ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳು, ಒಳಗೆ ದ್ರವ ಇರುತ್ತೆ. ತಣ್ಣಗಿರೋದು ಬಿಸಿ ಇರೋದು ಹುಳಿ ಇರೋದು ತಾಗಿದ್ರೆ ಆ ದ್ರವ ಅಲ್ಲಾಡಿ ನರಕ್ಕೆ ಗೊತ್ತಾಗುತ್ತೆ. ವೈಟ್ನಿಂಗ್ ಜೆಲ್ಲಲ್ಲಿ ಕಲೆ ತೆಗೆಯೋ ಕೆಮಿಕಲ್ಲು ಪೆರಾಕ್ಸೈಡ್, ಅದು ಬರೀ ಮೇಲ್ಗಡೆ ಕೂತ್ಕೊಳ್ಳಲ್ಲ, ಕೆಲವೇ ನಿಮಿಷದಲ್ಲಿ ಎನಾಮಲ್ ಡೆಂಟಿನ್ ಎರಡೂ ದಾಟಿ ಒಳಗಿನ ನರದ ತನಕ ಹೋಗುತ್ತೆ, ಹೋಗಿ ಅದನ್ನ ಸ್ವಲ್ಪ ದಿನ ಕೆರಳಿಸಿ ಇಡುತ್ತೆ. ಅದಕ್ಕೇ ಕೆಲವು ಸಲ ಏನೂ ತಿನ್ನದೆ ಸುಮ್ನೆ ಕೂತಿದ್ರೂ ಮುಂದಿನ ಹಲ್ಲಲ್ಲಿ ಕರೆಂಟ್ ಹೊಡೆದಂಗೆ ಒಂದು ಸೆಕೆಂಡ್ ಚುಳ್ ಅಂತ ಹೋಗೋದು. ಸಾಮಾನ್ಯವಾಗಿ ಇದು ತಾನಾಗೇ ಇಳಿಯುತ್ತೆ, ಕೆಲವರಿಗೆ ಎರಡು ಮೂರು ದಿನ, ಕೆಲವರಿಗೆ ಒಂದೆರಡು ವಾರ.

ಕ್ಲಿನಿಕ್ಕಲ್ಲಿ ಚೇರ್ ಮೇಲೆ ಕೂರಿಸಿ ಮಾಡೋದು ಒಂದು, ಅದರಲ್ಲಿ ಹೈಡ್ರೋಜನ್ ಪೆರಾಕ್ಸೈಡ್ 35% ಆಸುಪಾಸು ಇರುತ್ತೆ. ಇನ್ನೊಂದು ನಮ್ ಹಲ್ಲಿನ ಅಳತೆ ತಗೊಂಡು ಟ್ರೇ ಮಾಡ್ಕೊಟ್ಟು ಮನೇಲಿ ರಾತ್ರಿ ಹಾಕ್ಕೊಳ್ಳೋದು, ಅದಕ್ಕೆ ಕಾರ್ಬಮೈಡ್ ಪೆರಾಕ್ಸೈಡ್. ಇದರ 10% ಜೆಲ್ ಅಂದ್ರೆ ಸುಮಾರು 3.5% ಹೈಡ್ರೋಜನ್ ಪೆರಾಕ್ಸೈಡಿಗೆ ಸಮ ಅಷ್ಟೇ. ನಂಗೆ ಮೊದ್ಲೇ ಜುಂ ಇರೋದ್ರಿಂದ ನಿಧಾನ ಆದ್ರೂ ಪರ್ವಾಗಿಲ್ಲ ಅಂತ 10% ತಗೊಂಡೆ, ನನ್ ಥರದೋರಿಗೆ ಇದೇ ಸರಿ ಅಂತ ಈಗ್ಲೂ ಹೇಳ್ತೀನಿ.

ಈಗ ಪೇಸ್ಟ್ ವಿಷಯ. ಅಂಗಡೀಲಿ ಸೆನ್ಸಿಟಿವ್ ಅಂತ ಬರ್ದಿರೋದು ಹತ್ತು ಥರ ಸಿಗುತ್ತೆ, ಡಬ್ಬದ ಹಿಂದೆ ತಿರುಗಿಸಿ ನೋಡಿ, ನಾನು ತಗೊಂಡಿದ್ದು ಪೊಟ್ಯಾಸಿಯಂ ನೈಟ್ರೇಟ್ 5% ಇರೋದು, ಜೊತೆಗೆ ಫ್ಲೋರೈಡ್. ಪೊಟ್ಯಾಸಿಯಂ ಒಳಗೆ ಹೋಗಿ ನರವನ್ನೇ ಸುಮ್ಮನಾಗಿಸುತ್ತೆ, ಆದ್ರೆ ಒಂದಿನದಲ್ಲಿ ಅಲ್ಲ, ದಿನಕ್ಕೆರಡು ಸಲ ಉಜ್ಜಿದ್ರೂ ಪೂರ್ತಿ ಗುಣ ಕಾಣೋಕೆ ಎರಡು ವಾರ ಆದ್ರೂ ಬೇಕು. ಅದಕ್ಕೇ ನಾನು ಟ್ರೇ ಮುಟ್ಟೋಕ್ ಎರಡು ವಾರ ಮುಂಚೆನೇ ಪೇಸ್ಟ್ ಬದಲಾಯಿಸ್ದೆ. ಇನ್ನೊಂದು, ಉಜ್ಜಿದ್ಮೇಲೆ ಬಾಯಿ ತುಂಬಾ ನೀರು ಹಾಕ್ಕೊಂಡು ಮುಕ್ಕಳಿಸ್ಬಾರ್ದು, ನೊರೆ ಉಗಿದು ಸುಮ್ನಿರ್ಬೇಕು. ನಮ್ಮನೇಲಿ ಅಮ್ಮಂಗೆ ಇದು ಸುತರಾಂ ಇಷ್ಟ ಆಗ್ಲಿಲ್ಲ, "ಬಾಯಿ ತೊಳೀದೆ ಹಂಗೇ ಬರ್ತೀಯಲ್ಲೇ" ಅಂತ ದಿನಾ ಅನ್ನೋರು, ಆದ್ರೆ ಮುಕ್ಕಳಿಸಿಬಿಟ್ರೆ ಔಷಧಿ ಎಲ್ಲ ಸಿಂಕಿಗೇ ಹೋಯ್ತಲ್ಲ. ಜುಂ ಜಾಸ್ತಿ ಇದ್ದ ರಾತ್ರಿ ಅದೇ ಪೇಸ್ಟನ್ನ ಬೆರಳಲ್ಲಿ ತಗೊಂಡು ಆ ಕೋರೆಹಲ್ಲಿನ ಬುಡಕ್ಕೆ ಸವರಿ ಮಲಗ್ತಿದ್ದೆ.

ಟ್ರೇಗೆ ಹಾಕೋಕೆ ಡಾಕ್ಟರ್ ಬೇರೆ ಜೆಲ್ ಕೊಟ್ಟಿದ್ರು, ಅದರಲ್ಲೂ ಪೊಟ್ಯಾಸಿಯಂ ನೈಟ್ರೇಟ್ ಮತ್ತೆ ಫ್ಲೋರೈಡ್ ಇರುತ್ತೆ, ವೈಟ್ನಿಂಗ್ ಜೆಲ್ ಹಾಕೋ ಮುಂಚೆ ಅರ್ಧ ಗಂಟೆ ಇಟ್ಕೊಳ್ಳೋದು. ಪೇಸ್ಟನ್ನೇ ಟ್ರೇಗೆ ಹಾಕ್ಬಹುದಾ ಅಂತ ಕೇಳ್ದೆ, ನೊರೆ ಬರೋ ಪೇಸ್ಟ್ ಅಷ್ಟೊತ್ತು ವಸಡಿಗೆ ತಾಗಿದ್ರೆ ಉರಿಯುತ್ತೆ ಬೇಡ ಅಂದ್ರು. ವೈಟ್ನಿಂಗ್ ಜೆಲ್ ಕೂಡ ಜಾಸ್ತಿ ಹಾಕ್ಬಾರ್ದು, ಒಂದೊಂದು ಹಲ್ಲಿಗೆ ಒಂದು ಸಣ್ಣ ತೊಟ್ಟು ಸಾಕು, ವಸಡಿನ ಮೇಲೆ ಉಕ್ಕಿದ್ದನ್ನ ಹತ್ತಿಲಿ ಒರೆಸ್ಬೇಕು, ಇಲ್ದಿದ್ರೆ ವಸಡು ಬೆಳ್ಳಗಾಗಿ ಉರಿಯುತ್ತೆ. ಜುಂ ಜೋರಾದ ದಿನ ನಾನು ಟ್ರೇ ಹಾಕ್ತಾನೇ ಇರ್ಲಿಲ್ಲ, ಒಂದಿನ ಬಿಟ್ಟು ಒಂದಿನ ಮಾಡ್ದೆ. ಬಣ್ಣ ಸ್ವಲ್ಪ ನಿಧಾನ ಆಗುತ್ತೆ, ಒಂದಿನ ಬಿಟ್ರೆ ಬಂದಿರೋದು ಎಲ್ಲೂ ಓಡಿಹೋಗಲ್ಲ. ಬಿಡುವು ಕೊಡೋದಕ್ಕಿಂತ ದೊಡ್ಡ ಔಷಧಿ ನಂಗೆ ಯಾವುದೂ ಸಿಗ್ಲಿಲ್ಲ.

ಊಟದಲ್ಲಿ ಮಂಡ್ಯದೋರಿಗೆ ಒಂದು ಪುಣ್ಯ ಇದೆ, ಮುದ್ದೆ ಅಗಿಯೋ ಹಾಗಿಲ್ಲ, ನುಂಗೋದು. ಆರಿದ ಮುದ್ದೆ, ಉಗುರುಬೆಚ್ಚಗಿನ ಸೊಪ್ಪಿನ ಸಾರು, ಹುಳಿ ಬಾರದ ಮೊಸರು, ಇಷ್ಟರಲ್ಲೇ ಆ ದಿನಗಳು ಹೋದ್ವು. ಬಿಟ್ಟಿದ್ದು ಹುಣಸೆಹಣ್ಣಿನ ಗಟ್ಟಿ ಗೊಜ್ಜು, ಮಾವಿನಕಾಯಿ, ನಿಂಬೆ ಶರಬತ್ತು, ಮತ್ತೆ ಬೇಜಾರಾದ್ರೂ ಕಬ್ಬಿನ ಹಾಲು, ಯಾಕಂದ್ರೆ ಅದಕ್ಕೆ ಐಸು, ನಿಂಬೆಹಣ್ಣು, ಸಕ್ಕರೆ ಅಂಶ ಮೂರೂ ಒಟ್ಟಿಗೆ. ಹುಳಿ ತಿಂದ ತಕ್ಷಣ ಬ್ರಷ್ ಮಾಡ್ಬೇಡಿ, ನೀರಲ್ಲಿ ಬಾಯಿ ತೊಳ್ಕೊಂಡು ಅರ್ಧ ಗಂಟೆ ಬಿಟ್ಟು ಮಾಡಿ. ಕಾಫಿ ಬಿಟ್ಟು ಬರೀ ಹಾಲು ಕುಡಿದು ಕಳ್ದೆ, ಬಣ್ಣ ಹಿಡಿಯೋದೂ ತಪ್ತು, ಸುಡೋ ಬಿಸಿನೂ ತಪ್ತು. ಬೆಳಗ್ಗೆ ಶ್ರೀರಂಗಪಟ್ಟಣದ ಮೇಲೆ ಸ್ಕೂಟರಲ್ಲಿ ಮೈಸೂರಿಗೆ ಹೋಗೋವಾಗ ಚಳಿಗಾಳಿ ಹಲ್ಲಿಗೆ ಬಡಿದ್ರೆ ಜೀವ ಹೋಗುತ್ತೆ, ಬಾಯಿಗೆ ದುಪ್ಪಟ್ಟ ಸುತ್ಕೊಂಡು ಮೂಗಲ್ಲೇ ಉಸಿರಾಡ್ತಿದ್ದೆ.

ಇದ್ದಿಲ ಪುಡಿ, ಉಪ್ಪು, ನಿಂಬೆರಸಕ್ಕೆ ಸೋಡಾ ಪುಡಿ ಕಲಸಿ ಉಜ್ಜೋದು ಇವನ್ನೆಲ್ಲ ದಯವಿಟ್ಟು ಮಾಡ್ಬೇಡಿ, ಮೊದ್ಲೇ ಕೆರಳಿರೋ ಹಲ್ಲಿನ ಎನಾಮಲ್ಲನ್ನ ಇನ್ನೂ ಸವೆಸ್ತವೆ. ಬ್ರಷ್ ಸಾಫ್ಟ್ ಇರ್ಲಿ. ಜುಂ ಕಮ್ಮಿ ಮಾಡೋಕೆ ಹಾಲಿನ ಪ್ರೋಟೀನಿಂದ ಮಾಡಿರೋ ಸಿಪಿಪಿ-ಎಸಿಪಿ ಅನ್ನೋ ಕ್ರೀಮೂ ಸಿಗುತ್ತೆ, ಹಾಲಿನ ಅಲರ್ಜಿ ಇರೋರು ಅದನ್ನ ಮುಟ್ಬಾರ್ದು. ಬಸುರಿಯರು, ಎಳೆ ಮಗು ಇರೋರು ವೈಟ್ನಿಂಗನ್ನೇ ಮುಂದಕ್ಕೆ ಹಾಕೋದು ಒಳ್ಳೇದು. ಕ್ಯಾಪ್ ಹಾಕಿರೋ ಹಲ್ಲು, ಫಿಲ್ಲಿಂಗ್ ಬೆಳ್ಳಗಾಗಲ್ಲ, ಅದಕ್ಕೋಸ್ಕರ ಇನ್ನೂ ಸ್ಟ್ರಾಂಗ್ ಜೆಲ್ ಬೇಕು ಅಂತ ಕೇಳಿ ಜುಂ ತಂದ್ಕೋಬೇಡಿ.

ಒಂದೇ ಹಲ್ಲು ನೋಯ್ತಿದ್ರೆ, ಕಚ್ಚಿದಾಗ ನೋವಾದ್ರೆ, ತಣ್ಣೀರು ಬಿಟ್ಮೇಲೂ ನಿಮಿಷಗಟ್ಲೆ ನೋವು ನಿಂತ್ರೆ, ರಾತ್ರಿ ನಿದ್ದೆಗೆಡಿಸೋ ಥರ ಮಿಡಿದ್ರೆ, ಊತ ಬಂದ್ರೆ, ಎರಡು ವಾರ ಕಳೆದ್ರೂ ಇಳೀದಿದ್ರೆ ಅದು ವೈಟ್ನಿಂಗ್ ಜುಂ ಅಂತ ಸುಮ್ನೆ ಕೂರ್ಬೇಡಿ, ಡಾಕ್ಟರ್ ಹತ್ರ ಹೋಗಿ. ಮೈಸೂರಲ್ಲಿ ಬನ್ನಿಮಂಟಪದ ಜೆಎಸ್‌ಎಸ್ ಥರ ಡೆಂಟಲ್ ಕಾಲೇಜುಗಳೂ ಇವೆ.

ನನ್ ಹತ್ರ ಟ್ರೇ ಮತ್ತೆ ಸ್ವಲ್ಪ ಜೆಲ್ ಉಳಿದಿದೆ, ಡಾಕ್ಟರ್ ಹೇಳ್ದಂಗೆ ಫ್ರಿಜ್ಜಲ್ಲಿಟ್ಟಿದೀನಿ. ಮುಂದೆ ಬಣ್ಣ ಮಂಕಾಗಿ ಟಚ್‌ಅಪ್ ಬೇಕು ಅನ್ನಿಸಿದ್ರೆ ಜೆಲ್ ಡೇಟ್ ಮುಗಿದಿಲ್ಲ ಅಂತ ನೋಡ್ಕೊಂಡು, ಸ್ವಲ್ಪ ಹೊತ್ತು ಹೊರಗಿಟ್ಟು ತಣುಪು ಹೋದ್ಮೇಲೇನೇ ಹಾಕ್ಕೊಳ್ಳೋದು.